ಬೆಂಗಳೂರು ನಗರಸಭೆಯ ಅಧ್ಯಕ್ಷರು: ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ (1856–1938)

ಜನನ ಮತ್ತು ಮರಣ ಪ್ರಮಾಣಪತ್ರ, ಖಾತೆ, ಆಸ್ತಿ ತೆರಿಗೆ ಮೊದಲಾದ ಸೇವೆಗಳನ್ನು ಕೋರಿ ಬರುವ ನಾಗರಿಕರಿಗೆ ನಗರಾಡಳಿತದ ಪೂರ್ವೇತಿಹಾಸವನ್ನು ಪರಿಚಯಿಸುವ ಉದ್ದೇಶದಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಂಗಳೂರು ಒಂದೇ ನಗರವಾಗಿರಲಿಲ್ಲ. ಪೇಟೆ ಪ್ರದೇಶವು ಮೈಸೂರು ಸಂಸ್ಥಾನದ ಆಡಳಿತಕ್ಕೆ ಒಳಪಟ್ಟಿದ್ದರೆ, ದಂಡು ಪ್ರದೇಶವು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು. ಎರಡಕ್ಕೂ ಪ್ರತ್ಯೇಕ ನಗರಸಭೆಗಳಿದ್ದವು. ಮಹಾಪೌರರೆಂಬ ಹುದ್ದೆ ಆಗ ಇರಲಿಲ್ಲ. ನಗರಸಭೆಯ ಮುಖ್ಯಸ್ಥರನ್ನು ಅಧ್ಯಕ್ಷರೆಂದು ಕರೆಯಲಾಗುತ್ತಿತ್ತು. ಇಂದಿನ ಗಂಗಾನಗರವನ್ನು ಒಳಗೊಂಡ ಹೆಬ್ಬಾಳದ ಸುತ್ತಣ ಪ್ರದೇಶವು ಆ ಕಾಲದಲ್ಲಿ ನಗರದ ಹೊರಗಿನ ಗ್ರಾಮಾಂತರ ಭಾಗವಾಗಿತ್ತು. ಹೆಬ್ಬಾಳದಲ್ಲಿ ಕೃಷಿ ಶಾಲೆ ಸ್ಥಾಪನೆಯಾದುದು 1913ರಲ್ಲಿ.

ಅದೇ 1913ರಲ್ಲಿ ಶ್ರೀ ಪುಟ್ಟಣ್ಣ ಚೆಟ್ಟಿಯವರು ಬೆಂಗಳೂರು ನಗರಸಭೆಯ ಅಧ್ಯಕ್ಷರಾದರು. ಅವರು ಮೈಸೂರು ಸರ್ಕಾರದ ಸೇವೆಯಲ್ಲಿ ಉನ್ನತ ಹುದ್ದೆಗಳನ್ನು ನಿರ್ವಹಿಸಿ, ಸಂಸ್ಥಾನದ ಕೌನ್ಸಿಲ್ ಸದಸ್ಯರೂ ಆಗಿದ್ದವರು. ಅಲ್ಲಿಯವರೆಗೆ ಸರ್ಕಾರಿ ಅಧಿಕಾರಿಗಳೇ ವಹಿಸುತ್ತಿದ್ದ ಅಧ್ಯಕ್ಷ ಸ್ಥಾನವನ್ನು ಸೇವೆಯಿಂದ ನಿವೃತ್ತರಾದ ಬಳಿಕ ಅಧಿಕಾರೇತರ ವ್ಯಕ್ತಿಯಾಗಿ ವಹಿಸಿಕೊಂಡ ಮೊದಲಿಗರು ಇವರು. ನಗರದ ಕೆಲಸಗಳಿಗೆ ನಗರದ ನಿವಾಸಿಯೇ ಹೊಣೆಗಾರನಾಗಬಹುದೆಂಬುದು ಇದರಿಂದ ಪರೀಕ್ಷೆಗೆ ಒಳಗಾಯಿತು. ಅವರು 1920ರವರೆಗೆ ಈ ಸ್ಥಾನದಲ್ಲಿದ್ದರು.

ಈ ಹೊಣೆ ಹಗುರವಾದುದಾಗಿರಲಿಲ್ಲ. 1898ರ ಪ್ಲೇಗ್ ಮಾರಿಯು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಅಪಾರ ಪ್ರಾಣಹಾನಿಯನ್ನು ಉಂಟುಮಾಡಿತ್ತು. ತದನಂತರ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಹೆಸರಘಟ್ಟದಿಂದ ಕೊಳವೆ ನೀರು 1890ರ ದಶಕದಲ್ಲಿಯೂ, ಶಿವನಸಮುದ್ರದ ವಿದ್ಯುತ್ ದೀಪಗಳು 1905ರಲ್ಲಿಯೂ ನಗರಕ್ಕೆ ಬಂದಿದ್ದವು. ಬೆಳೆಯುತ್ತಿದ್ದ ನಗರಕ್ಕೆ ನೀರು, ಬೆಳಕು, ಚರಂಡಿ ಮತ್ತು ನೈರ್ಮಲ್ಯವನ್ನು ಒದಗಿಸುವುದು ಪುಟ್ಟಣ್ಣ ಚೆಟ್ಟಿಯವರ ಅವಧಿಯ ನಗರಸಭೆಯ ನಿತ್ಯದ ಕರ್ತವ್ಯವಾಗಿತ್ತು. ಮೊದಲ ಮಹಾಯುದ್ಧದ ಬೆಲೆಯೇರಿಕೆ ಹಾಗೂ 1918ರ ಇನ್‌ಫ್ಲುಯೆಂಜಾ ಸಾಂಕ್ರಾಮಿಕವನ್ನೂ ಇದೇ ಅವಧಿಯಲ್ಲಿ ಎದುರಿಸಬೇಕಾಯಿತು.

ಶ್ರೀಯುತರ ಸೇವೆಯನ್ನು ಗುರುತಿಸಿ ಬ್ರಿಟಿಷ್ ಸರ್ಕಾರವು ಸಿ.ಐ.ಇ. ಹಾಗೂ ಸರ್ ಬಿರುದುಗಳನ್ನು ನೀಡಿತು. ಆದರೆ ನಾಗರಿಕರ ನೆನಪಿನಲ್ಲಿ ಅವರ ಹೆಸರನ್ನು ಉಳಿಸಿರುವುದು ಪುರಭವನ. ಇದಕ್ಕೆ 1933ರ ಮಾರ್ಚ್ 6ರಂದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಶಂಕುಸ್ಥಾಪನೆ ನೆರವೇರಿಸಿದರು. 1935ರ ಸೆಪ್ಟೆಂಬರ್ 11ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರು ಉದ್ಘಾಟಿಸಿದರು. ಎತ್ತರದ ಮೆಟ್ಟಿಲುಗಳ, ಸಾಲುಕಂಬಗಳ ಈ ಭವನಕ್ಕೆ ಸರ್ ಪುಟ್ಟಣ್ಣ ಚೆಟ್ಟಿ ಪುರಭವನವೆಂಬ ಹೆಸರಿದೆ. ಭವನವು ಉದ್ಘಾಟನೆಗೊಂಡ ಮೂರು ವರ್ಷಗಳ ನಂತರ, 1938ರಲ್ಲಿ, ಅವರು ನಿಧನರಾದರು.

1947ರಲ್ಲಿ ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ನಗರಸಭೆಗಳೂ ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ರಚನೆಯಾಯಿತು ಹಾಗೂ ಮಹಾಪೌರರ ಹುದ್ದೆ ಅಸ್ತಿತ್ವಕ್ಕೆ ಬಂದಿತು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಮೊದಲಾದ ನಗರಸಭೆಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2025ರಲ್ಲಿ ಅದರ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು. ಆಡಳಿತದ ಹೆಸರು ಮತ್ತು ಗಡಿಗಳು ಹಲವು ಬಾರಿ ಬದಲಾಗಿದ್ದರೂ, ನಾಗರಿಕನು ಸಲ್ಲಿಸುವ ಅರ್ಜಿಗೆ ಉತ್ತರ ನೀಡಬೇಕಾದ ಹೊಣೆ ಮಾತ್ರ ಅಂದಿನಿಂದ ಇಂದಿನವರೆಗೆ ಮುಂದುವರಿದು ಬಂದಿದೆ.