ಸೋಪ್ ಶಾಸ್ತ್ರಿಗಳು

ಮೊದಲನೆಯ ಮಹಾಯುದ್ಧದಿಂದ ಯುರೋಪಿನ ವ್ಯಾಪಾರ ನಿಂತು ಮೈಸೂರಿನ ಗಂಧದ ಕೊರಡುಗಳು ರಾಶಿ ಬಿದ್ದವು. ನಮ್ಮ ಬೈಲಹೊಂಗಲದ ಹತ್ತಿ ಅಂಡಿಗೆಯಾಗಿ ಹೊರಡುವಂತೆ, ಅಲ್ಲಿಯೂ ಮರ ನಮ್ಮದು, ವಿದ್ಯೆ ಪರರದು! 1916ರಲ್ಲಿ ಸಂಸ್ಥಾನವೇ ಗಂಧದೆಣ್ಣೆ ಇಳಿಸತೊಡಗಿತು. ರಸಾಯನಶಾಸ್ತ್ರ ಬಲ್ಲ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನಿನ ವಿದ್ಯೆಗಾಗಿ ಇಂಗ್ಲೆಂಡಿಗೆ ಕಳುಹಿಸಿತು. ಮರಳಿ ಬಂದು ಬೆಂಗಳೂರಿನ ಸರಕಾರಿ ಕಾರಖಾನೆಯಲ್ಲಿ ಅವರು ಮೈಸೂರು ಸ್ಯಾಂಡಲ್ ಸೋಪನ್ನು ರೂಪಿಸಿದರು. ಜನರ ಬಾಯಲ್ಲಿ ಸೋಪ್ ಶಾಸ್ತ್ರಿಗಳೇ ಆದರು.

ಬಿ.ಎ. ಓದುವ ನಮಗೆ ಈ ಶಾಸ್ತ್ರದ ಶಾಖೆಗಳು ಬರಿಯ ಹೆಸರುಗಳು. ಅವರ ಒಂದು ಬಿಲ್ಲೆಯಲ್ಲೇ ಅವನ್ನು ನೋಡಬಹುದು: ಎಣ್ಣೆ ಸಾವಯವ ರಸಾಯನದ್ದು; ಅದನ್ನು ಸಾಬೂನಾಗಿಸುವ ಕಾಸ್ಟಿಕ್ ಸೋಡಾ ನಿರವಯವದ್ದು; ಎಣ್ಣೆ ಅಪ್ಪಟವೋ ಬೆರಕೆಯೋ ಎಂದು ತಿಳಿಸುವುದು ವಿಶ್ಲೇಷಣೆ; ಕೊರಡಿನೊಳಗಿನ ಪರಿಮಳ ಹಬೆಯೊಡನೆ ಮೇಲೇಳುವುದೇಕೆಂದು ಹೇಳುವುದು ಭೌತ ರಸಾಯನ.