ಕತ್ತಲೆಗೆ ಬೆಳಕು ಹಿಡಿದವನು

ಕಣ್ಣಿಗೆ ಕಾಣದ ಕಷ್ಟ ಮನಸ್ಸಿಗೆ ಬೇಗ ನಾಟುವುದಿಲ್ಲ. ನೂರು ಬಾರಿ ಕೇಳಿದರೂ ಕರಗದ ಹೃದಯ ಒಮ್ಮೆ ಕಂಡೊಡನೆ ಕರಗುವುದುಂಟು. ಈ ಸತ್ಯವನ್ನು ತನ್ನ ಅನುಭವದಿಂದಲೇ ಅರಿತು, ಒಂದು ಮಹಾನಗರದ ಕತ್ತಲ ಕೋಣೆಗಳಿಗೆ ಬೆಳಕನ್ನು ಕೊಂಡೊಯ್ದು, ಅಲ್ಲಿನ ದೀನರ ಬಾಳನ್ನು ಲೋಕದ ಕಣ್ಣೆದುರಿಗೆ ತಂದಿಟ್ಟ ಪತ್ರಕರ್ತನೇ ಜೇಕಬ್ ರೀಸ್.

ರೀಸನು 1849ನೆಯ ಇಸವಿ ಮೇ 3ರಂದು ಡೆನ್ಮಾರ್ಕ್ ದೇಶದ ರೀಬೆ ಎಂಬ ಪುರಾತನ ಪಟ್ಟಣದಲ್ಲಿ ಜನಿಸಿದನು. ತಂದೆ ನೀಲ್ಸ್ ಎಡ್ವರ್ಡ್ ರೀಸ್ ಶಾಲೆಯ ಉಪಾಧ್ಯಾಯ; ಊರಿನ ಪತ್ರಿಕೆಗೂ ಆಗಾಗ ಬರೆಯುತ್ತಿದ್ದನು. ಸಂಸಾರ ದೊಡ್ಡದು, ವರಮಾನ ಚಿಕ್ಕದು. ಆದರೂ ಆ ಮನೆಯಲ್ಲಿ ವಿದ್ಯೆಗೂ ದಯೆಗೂ ಬಡತನವಿರಲಿಲ್ಲ. ಊರಿನ ಚರಂಡಿಯ ಬಳಿ ಇಲಿಗಳ ಕಾಟದಿಂದ ಕೂಡಿದ ಹಳೆಯ ಕಟ್ಟಡವೊಂದಿತ್ತು. ಕಡುಬಡವರು ವಾಸವಾಗಿದ್ದ ಆ ಕಟ್ಟಡವನ್ನು ಜನರು ಚಿಂದಿಮನೆಯೆಂದು ಕರೆಯುತ್ತಿದ್ದರು. ಹನ್ನೆರಡರ ಆಸುಪಾಸಿನ ಬಾಲಕ ಜೇಕಬನು ಕ್ರಿಸ್‌ಮಸ್ ಹಬ್ಬದಲ್ಲಿ ತನಗೆ ಉಡುಗೊರೆಯಾಗಿ ಬಂದ ಹಣವನ್ನು ಅಲ್ಲಿನ ಒಂದು ಕುಟುಂಬಕ್ಕೆ ಕೊಟ್ಟನು. ಅದರಿಂದ ಮನೆಯನ್ನೂ ಮಕ್ಕಳನ್ನೂ ಶುಚಿಗೊಳಿಸಬೇಕೆಂಬ ಷರತ್ತನ್ನೂ ಹಾಕಿದನು. ವಿಷಯ ತಿಳಿದ ತಾಯಿ ಮಗನನ್ನು ಗದರಿಸಲಿಲ್ಲ. ತಾನೂ ಆ ಕೆಲಸಕ್ಕೆ ಕೈಜೋಡಿಸಿದಳು. ಮುಂದೆ ಆತನು ಬಾಳಿನುದ್ದಕ್ಕೂ ಮಾಡಿದ ಕಾರ್ಯದ ಬೀಜ ಇಲ್ಲಿಯೇ ಬಿದ್ದಿತೆನ್ನಬಹುದು.

ಮಗನು ತನ್ನಂತೆ ಓದುಬರಹದ ವೃತ್ತಿಯನ್ನು ಹಿಡಿಯಲೆಂಬುದು ತಂದೆಯ ಆಸೆ. ಆದರೆ ಜೇಕಬನು ಬಡಗಿಯ ಕೆಲಸವನ್ನು ಆರಿಸಿಕೊಂಡು ಕೋಪನ್‌ಹೇಗನ್ ನಗರದಲ್ಲಿ ಅದನ್ನು ಕಲಿತನು. ಆ ದಿನಗಳಲ್ಲಿಯೇ ತನ್ನೂರಿನ ಸಿರಿವಂತ ಮನೆತನದಲ್ಲಿ ಬೆಳೆದ ಎಲಿಸಬೆತ್ ಎಂಬ ಕನ್ಯೆಯನ್ನು ಮೆಚ್ಚಿ, ಮದುವೆಯಾಗಬೇಕೆಂದು ಬಯಸಿದನು. ಆ ಬಯಕೆ ಈಡೇರಲಿಲ್ಲ. ನೊಂದ ತರುಣನು 1870ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ, ಹಡಗನ್ನೇರಿ ಅಮೆರಿಕದ ನ್ಯೂಯಾರ್ಕಿಗೆ ಬಂದಿಳಿದನು. ಸ್ನೇಹಿತರು ಕೂಡಿಸಿಕೊಟ್ಟ 40 ಡಾಲರುಗಳೇ ಆತನ ಆಸ್ತಿ. ಅಮೆರಿಕವೆಂದರೆ ಕಾಡುಮೃಗಗಳೂ ದರೋಡೆಕೋರರೂ ತುಂಬಿದ ದೇಶವೆಂದು ಭಾವಿಸಿದ್ದ ಆತನು ಅದರಲ್ಲಿ ಅರ್ಧದಷ್ಟು ಹಣವನ್ನು ಒಂದು ಪಿಸ್ತೂಲಿಗೆ ಸುರಿದನು!

ಆದರೆ ಆ ನಗರದಲ್ಲಿ ಆತನಿಗೆ ಎದುರಾದ ಶತ್ರು ಪಿಸ್ತೂಲಿಗೆ ಹೆದರುವಂಥದಾಗಿರಲಿಲ್ಲ. ಅದು ಹಸಿವು. ಬಡಗಿಯಾಗಿ, ಗಣಿಯ ಕೂಲಿಯಾಗಿ, ಊರೂರು ತಿರುಗುವ ಮಾರಾಟಗಾರನಾಗಿ ದುಡಿದರೂ ಯಾವ ಕೆಲಸವೂ ನಿಲ್ಲಲಿಲ್ಲ. ಕೆಲಸವಿಲ್ಲದ ದಿನಗಳಲ್ಲಿ ಮರದಡಿ ಉದುರಿದ ಸೇಬುಗಳೇ ಆಹಾರವಾದವು. ಸ್ಮಶಾನದ ಕಲ್ಲುಚಪ್ಪಡಿಯೇ ಹಾಸಿಗೆಯಾಯಿತು. ನಿರ್ಗತಿಕರು ರಾತ್ರಿ ಕಳೆಯುವುದಕ್ಕೆಂದು ಆಗ ಪೊಲೀಸ್ ಠಾಣೆಗಳಲ್ಲಿ ಕೊಳಕು ತುಂಬಿದ ತಂಗುಕೋಣೆಗಳಿದ್ದವು. ಮಳೆ ಸುರಿಯುತ್ತಿದ್ದ ಒಂದು ರಾತ್ರಿ ರೀಸನು ಅಂಥ ಒಂದು ಠಾಣೆಯ ಆಶ್ರಯ ಪಡೆದನು. ಬೀದಿಯಲ್ಲಿ ಆತನಿಗೆ ಜೊತೆಯಾಗಿದ್ದ ಒಂದು ನಾಯಿ ಮಾತ್ರ ಹೊರಗೇ ಉಳಿಯಬೇಕಾಯಿತು. ಮಲಗಿದ್ದಾಗ ಯಾರೋ ಆತನ ಕೊರಳಲ್ಲಿದ್ದ ಚಿನ್ನದ ಪದಕವನ್ನು ಕದ್ದರು. ಅದರಲ್ಲಿ ಎಲಿಸಬೆತ್‌ಳ ಕೂದಲಿನ ಒಂದು ಎಳೆಯಿತ್ತು. ದೂರು ಕೊಟ್ಟರೆ ಅಧಿಕಾರಿಯು ಈತನನ್ನೇ ಕಳ್ಳನೆಂದು ಜರೆದು ಹೊರಗೆ ತಳ್ಳಿಸಿದನು. ಬಾಗಿಲಲ್ಲಿ ಕಾದಿದ್ದ ನಾಯಿ ತನ್ನ ಗೆಳೆಯನಿಗೊದಗಿದ ಅಪಾಯವನ್ನು ಕಂಡು ಪೊಲೀಸನ ಕಾಲನ್ನು ಕಚ್ಚಿತು. ಪೊಲೀಸನು ಅದನ್ನು ಹಿಡಿದು ಠಾಣೆಯ ಮೆಟ್ಟಿಲಿಗೆ ಅಪ್ಪಳಿಸಿ ಕೊಂದನು. ಆ ರಾತ್ರಿಯನ್ನು ರೀಸನು ಎಂದಿಗೂ ಮರೆಯಲಿಲ್ಲ.

ಕಷ್ಟದ ದಿನಗಳು ಮೆಲ್ಲಮೆಲ್ಲನೆ ಕಳೆದವು. 1873ರಲ್ಲಿ ಆತನಿಗೆ ಒಂದು ಸುದ್ದಿಸಂಸ್ಥೆಯಲ್ಲಿ ಕೆಲಸ ದೊರೆಯಿತು. ಅನಂತರ ಬ್ರೂಕ್ಲಿನ್ನಿನ ಒಂದು ಸಣ್ಣ ಪತ್ರಿಕೆಯ ಸಂಪಾದಕನಾಗಿ, ಕಡೆಗೆ ಅದರ ಒಡೆಯನೂ ಆದನು. ಆ ವೇಳೆಗೆ ಎಲಿಸಬೆತ್‌ಳಿಗೆ ನಿಶ್ಚಯವಾಗಿದ್ದ ವರನು ತೀರಿಕೊಂಡ ಸುದ್ದಿ ಬಂದಿತು. ರೀಸನು ಪತ್ರ ಬರೆದು ಆಕೆಯ ಒಪ್ಪಿಗೆಯನ್ನು ಪಡೆದು, 1876ರಲ್ಲಿ ಹುಟ್ಟೂರಿಗೆ ಹೋಗಿ ಆಕೆಯನ್ನು ವಿವಾಹವಾಗಿ ಮರಳಿದನು. ಮರುವರ್ಷ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಪೊಲೀಸ್ ವರದಿಗಾರನಾಗಿ ಮಲ್ಬರಿ ಬೀದಿಯ ಕಚೇರಿಯನ್ನು ಸೇರಿದನು.

ಆ ಕಚೇರಿಯ ಹತ್ತಿರವೇ ನಗರದ ಅತ್ಯಂತ ದಾರಿದ್ರ್ಯದ ವಠಾರಗಳಿದ್ದವು. ಯೂರೋಪಿನ ನಾನಾ ದೇಶಗಳಿಂದ ಬದುಕನ್ನರಸಿ ಬಂದ ಜನರು ಅಲ್ಲಿ ಕಿಕ್ಕಿರಿದಿದ್ದರು. ರೀಸನು ಮುಂದೆ ತನ್ನ ಗ್ರಂಥದಲ್ಲಿ ಕೊಟ್ಟ ಲೆಕ್ಕದಂತೆ ಸುಮಾರು 37,000 ವಠಾರಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಮಂದಿ ವಾಸವಾಗಿದ್ದರು. ಒಳಕೋಣೆಗಳಿಗೆ ಕಿಟಕಿಯಿಲ್ಲ, ಗಾಳಿಯಿಲ್ಲ, ಹಗಲಿನಲ್ಲಿಯೂ ಬೆಳಕಿಲ್ಲ. ಹದಿಮೂರು ಅಡಿ ಅಗಲವೂ ಇಲ್ಲದ ಒಂದು ಕೋಣೆಯಲ್ಲಿ ಹನ್ನೆರಡು ಮಂದಿ ಗಂಡಸರೂ ಹೆಂಗಸರೂ ಮಲಗಿದ್ದುದನ್ನು ಆತನು ಕಂಡನು. ನೆಲದ ಮೇಲೆ ಒರಗುವಷ್ಟು ಜಾಗಕ್ಕೆ ಅವರು ರಾತ್ರಿಯೊಂದಕ್ಕೆ ಐದು ಸೆಂಟು ತೆರುತ್ತಿದ್ದರು. ರೋಗ ಬಂದರೆ ಮೊದಲು ಸಾಯುತ್ತಿದ್ದವರು ಹಸುಗೂಸುಗಳು.

ರೀಸನು ಈ ನರಕವನ್ನು ಕುರಿತು ಮತ್ತೆ ಮತ್ತೆ ಬರೆದನು. ಓದಿದವರು ನಿಟ್ಟುಸಿರಿಟ್ಟು ಪುಟವನ್ನು ಮಗುಚಿದರು. ಚಿತ್ರ ಬರೆದು ತೋರಿಸೋಣವೆಂದರೆ, ಕಲಾವಿದನು ಬಣ್ಣ ಕಟ್ಟಿದ್ದಾನೆಂದು ಜನರು ಸಂದೇಹಪಡುವ ಸಂಭವವಿತ್ತು. ಛಾಯಾಚಿತ್ರವಾದರೆ ನಂಬದಿರುವುದು ಕಷ್ಟ. ಆದರೆ ಛಾಯಾಚಿತ್ರಕ್ಕೆ ಬೆಳಕು ಬೇಕು. ಆ ಕೋಣೆಗಳಲ್ಲಿ ಇಲ್ಲದಿದ್ದುದೇ ಬೆಳಕು!

1887ರ ಒಂದು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ ರೀಸನ ಕಣ್ಣಿಗೆ ನಾಲ್ಕೇ ಸಾಲಿನ ಒಂದು ಸುದ್ದಿ ಬಿದ್ದಿತು. ಮಿಂಚಿನಂತೆ ಹೊಳೆಯುವ ಪುಡಿಯೊಂದರ ಸಹಾಯದಿಂದ ಕಗ್ಗತ್ತಲಲ್ಲಿಯೂ ಛಾಯಾಚಿತ್ರ ತೆಗೆಯುವ ಉಪಾಯವನ್ನು ಜರ್ಮನಿಯಲ್ಲಿ ಕಂಡುಹಿಡಿದಿದ್ದಾರೆಂಬುದೇ ಆ ಸುದ್ದಿ. ಅಡಾಲ್ಫ್ ಮೀಟೆ ಮತ್ತು ಯೋಹಾನೆಸ್ ಗೇಡಿಕೆ ಎಂಬವರು ರೂಪಿಸಿದ ಆ ಪುಡಿಯಲ್ಲಿ ಮೆಗ್ನೀಸಿಯಂ ಲೋಹದ ಚೂರ್ಣದೊಡನೆ ಪೊಟ್ಯಾಸಿಯಂ ಕ್ಲೋರೇಟ್ ಹಾಗೂ ಆಂಟಿಮನಿ ಸಲ್ಫೈಡ್ ಸೇರಿದ್ದವು. ಮೆಗ್ನೀಸಿಯಂ ಉರಿಯುವಾಗ ಕಣ್ಣು ಕೋರೈಸುವ ಬಿಳಿಯ ಬೆಳಕು ಹೊಮ್ಮುತ್ತದೆ. ಕ್ಲೋರೇಟು ಅದಕ್ಕೆ ಬೇಕಾದ ಆಮ್ಲಜನಕವನ್ನು ಒಮ್ಮೆಲೇ ಒದಗಿಸುವುದರಿಂದ ಪುಡಿಯೆಲ್ಲ ಕ್ಷಣಾರ್ಧದಲ್ಲಿ ಉರಿದುಹೋಗುತ್ತದೆ. ಸುದ್ದಿಯನ್ನು ಓದಿದ ರೀಸನು ಆನಂದದಿಂದ ಕೂಗಿಕೊಂಡನು. ತಾನು ವರ್ಷಗಳಿಂದ ಹುಡುಕುತ್ತಿದ್ದ ದಾರಿ ಅದೇ ಎಂದು ಆತನಿಗೆ ಹೊಳೆಯಿತು.

ನಗರದ ಆರೋಗ್ಯ ಇಲಾಖೆಯಲ್ಲಿದ್ದ ಡಾಕ್ಟರ್ ಜಾನ್ ನೇಗಲ್ ಆತನ ಮಿತ್ರ, ಛಾಯಾಗ್ರಹಣದಲ್ಲಿ ಆಸಕ್ತಿಯುಳ್ಳವನು. ಆತನೂ, ಹೆನ್ರಿ ಪಿಫರ್ಡ್ ಹಾಗೂ ರಿಚರ್ಡ್ ಹೋ ಲಾರೆನ್ಸ್ ಎಂಬ ಇನ್ನಿಬ್ಬರು ಹವ್ಯಾಸಿಗಳೂ ರೀಸನೊಡನೆ ಹೊರಟರು. ಮೊದಮೊದಲು ಪುಡಿಯನ್ನು ತೋಟಾಗಳಲ್ಲಿ ತುಂಬಿ ಪಿಸ್ತೂಲಿನಿಂದ ಸಿಡಿಸುತ್ತಿದ್ದರು. ನಡುರಾತ್ರಿ ಅಪರಿಚಿತರು ಕೋಣೆಗೆ ನುಗ್ಗಿ ಪಿಸ್ತೂಲು ಹಾರಿಸಿದರೆ ಯಾರಿಗೆ ತಾನೆ ಭಯವಾಗದು? ಮಲಗಿದ್ದವರು ಎದ್ದು ಕಿಟಕಿ ಬಾಗಿಲುಗಳಿಂದ ಓಡಿಹೋಗುತ್ತಿದ್ದರು. ದಿನಗಳೆದಂತೆ ಜೊತೆಗಾರರ ಉತ್ಸಾಹ ತಗ್ಗಿತು. ರೀಸನು 25 ಡಾಲರು ಕೊಟ್ಟು ತಾನೇ ಒಂದು ಕ್ಯಾಮರಾ ಸಾಮಗ್ರಿಯನ್ನು ಕೊಂಡನು. ಭಯ ಹುಟ್ಟಿಸುವ ಪಿಸ್ತೂಲಿನ ಬದಲು ಅಡಿಗೆಮನೆಯಲ್ಲಿ ಬಳಸುವ ಹಿಡಿಕೆಯ ಬಾಣಲೆಯನ್ನು ತೆಗೆದುಕೊಂಡನು. ಅದರಲ್ಲಿ ಪುಡಿ ಹಾಕಿ ಬೆಂಕಿ ಸೋಕಿಸಿದರೆ ಕೆಲಸವಾಗುತ್ತಿತ್ತು. ಬಾಣಲೆ ಮನೆಮಂದಿಗೆ ಪರಿಚಿತವಾದ ವಸ್ತುವೂ ಆಗಿತ್ತು.

ಆ ವಿಧಾನ ಸರಳವಾದುದು. ಕ್ಯಾಮರಾವನ್ನು ಒಂದು ಕಡೆ ನಿಲ್ಲಿಸಿ, ಕತ್ತಲೆಯಲ್ಲಿಯೇ ಮಸೂರದ ಮುಚ್ಚಳವನ್ನು ತೆಗೆಯುವುದು. ಬಾಣಲೆಯನ್ನು ಬೇರೊಂದು ಕಡೆ ಹಿಡಿದು ಪುಡಿಯನ್ನು ಹೊತ್ತಿಸುವುದು. ಬಳಿಕ ಮುಚ್ಚಳವನ್ನು ಮುಚ್ಚುವುದು. ಕೋಣೆ ಕತ್ತಲೆಯಾದ್ದರಿಂದ ಆ ಒಂದು ಮಿಂಚಿನಲ್ಲಿ ಬೆಳಗಿದುದಷ್ಟೇ ಗಾಜಿನ ಫಲಕದ ಮೇಲೆ ಮೂಡುತ್ತಿತ್ತು. ಆದರೆ ಪುಡಿಯ ಅಳತೆ ಸ್ವಲ್ಪ ಹೆಚ್ಚಾದರೂ ಅಪಾಯ ತಪ್ಪಿದ್ದಲ್ಲ. ರೀಸನು ಹೀಗೆ ಎರಡು ಬಾರಿ ಮನೆಗಳಿಗೆ ಬೆಂಕಿ ತಗುಲಿಸಿದನು. ಒಮ್ಮೆ ತನ್ನ ಬಟ್ಟೆಗೇ ಬೆಂಕಿ ಹತ್ತಿಸಿಕೊಂಡನು.

ಅವುಗಳಲ್ಲಿ ಒಂದು ಪ್ರಸಂಗವಂತೂ ಮೈನವಿರೇಳಿಸುವಂಥದು. ಒಂದು ವಠಾರದ ಮೇಲಟ್ಟದ ಕೋಣೆಯಲ್ಲಿ ಐದು ಮಂದಿ ಕುರುಡ ಭಿಕ್ಷುಕರಿದ್ದರು. ರೀಸನು ಅವರ ಚಿತ್ರ ತೆಗೆಯಲು ಪುಡಿಯನ್ನು ಹೊತ್ತಿಸಿದನು. ಮಿಂಚಿನ ಪ್ರಭೆ ಅಡಗಿ ಕಣ್ಣು ಕಾಣುವಂತಾದಾಗ, ಗೋಡೆಗೆ ತೂಗುಹಾಕಿದ್ದ ಕಾಗದಕ್ಕೂ ಚಿಂದಿಗೂ ಬೆಂಕಿ ಹತ್ತಿಕೊಂಡಿತ್ತು! ಜ್ವಾಲೆ ಮೇಲೇರುತ್ತಿದ್ದರೂ ಆ ಕುರುಡರಿಗೆ ಅದರ ಅರಿವೇ ಇಲ್ಲ. ಬೀದಿಗೆ ಇಳಿಯಬೇಕಾದರೆ ಮುರುಕು ಮೆಟ್ಟಿಲುಗಳನ್ನು ದಾಟಬೇಕು; ಸುತ್ತಲೂ ಅಸಹಾಯಕರಾದ ಎಷ್ಟೋ ಸಂಸಾರಗಳು. ಓಡಿಹೋಗಿ ನೆರವಿಗಾಗಿ ಕೂಗಬೇಕೆಂದು ರೀಸನಿಗೆ ಮೊದಲು ಅನಿಸಿತು. ಆದರೆ ಆತನು ಅವರನ್ನು ಬಿಟ್ಟು ಕದಲಲಿಲ್ಲ. ಬಹಳ ಪ್ರಯಾಸಪಟ್ಟು ಒಬ್ಬನೇ ಬೆಂಕಿಯನ್ನು ನಂದಿಸಿದನು. ಗೋಡೆಯೊಳಗೆ ಇನ್ನೂ ಕಿಡಿ ಉಳಿದಿದ್ದೀತೆಂಬ ಭಯದಿಂದ ಕೆಳಗಿಳಿದು ಒಬ್ಬ ಪೊಲೀಸನಿಗೆ ನಡೆದುದನ್ನು ಹೇಳಿದಾಗ ಅವನು ಗಹಗಹಿಸಿ ನಕ್ಕನು. ಆ ಮನೆಗೆ ಹಿಂದಿನ ಚಳಿಗಾಲದಲ್ಲಿ ಆರು ಬಾರಿ ಬೆಂಕಿ ಬಿದ್ದಿತ್ತಂತೆ. ಗೋಡೆಯ ಮೇಲೆ ಕೊಳೆ ಅಷ್ಟು ದಪ್ಪನಾಗಿ ಕೂತಿದ್ದರಿಂದ ಬೆಂಕಿ ತಾನಾಗಿಯೇ ಆರಿಹೋಗಿತ್ತಂತೆ! ನಗುವಿನ ಆ ಮಾತಿನಲ್ಲಿ ಆ ಮನೆಗಳ ದುರವಸ್ಥೆಯೆಲ್ಲ ಅಡಗಿತ್ತು.

ಹೀಗೆ ತೆಗೆದ ಚಿತ್ರಗಳನ್ನು ರೀಸನು ಮ್ಯಾಜಿಕ್ ಲ್ಯಾಂಟರ್ನಿನ ಮೂಲಕ ಪರದೆಯ ಮೇಲೆ ದೊಡ್ಡದಾಗಿ ತೋರಿಸಿ 1888ರಿಂದ ಉಪನ್ಯಾಸಗಳನ್ನು ಕೊಡತೊಡಗಿದನು. ಕೆಲವು ಚರ್ಚುಗಳು ಮೊದಲು ಅವಕಾಶ ಕೊಡಲಿಲ್ಲ. ಆತನು ಎದೆಗುಂದಲಿಲ್ಲ. 1889ರಲ್ಲಿ ಸ್ಕ್ರಿಬ್ನರ್ಸ್ ಮಾಸಪತ್ರಿಕೆಯಲ್ಲಿ ಆತನ ಲೇಖನ ಅಚ್ಚಾಯಿತು. ಮರುವರ್ಷ ‘ಉಳಿದ ಅರ್ಧದವರು ಬದುಕುವ ಬಗೆ’ ಎಂಬ ಅರ್ಥದ ಹೆಸರಿನ ಆತನ ಗ್ರಂಥ ಪ್ರಕಟವಾಯಿತು. ಅದರಲ್ಲಿ ಕೆಲವು ಛಾಯಾಚಿತ್ರಗಳು ಇದ್ದಂತೆಯೇ ಮುದ್ರಿತವಾಗಿದ್ದವು. ನಗರದ ಸುಖಿಗಳು ತಮ್ಮ ಮನೆಯಿಂದ ಕೆಲವೇ ಬೀದಿಗಳಾಚೆ ಇದ್ದ ಬಾಳನ್ನು ಮೊದಲ ಬಾರಿಗೆ ಕಣ್ಣಾರೆ ಕಂಡರು.

ಗ್ರಂಥವನ್ನೋದಿದ ಥಿಯೊಡೋರ್ ರೂಸ್‌ವೆಲ್ಟನು ರೀಸನ ಕಚೇರಿಯನ್ನು ಹುಡುಕಿಕೊಂಡು ಬಂದನು. ಆತನು ಇಲ್ಲದಿದ್ದುದರಿಂದ, ತಾನು ನೆರವಾಗಲು ಬಂದಿದ್ದೆನೆಂದು ಚೀಟಿ ಬರೆದಿಟ್ಟು ಹೋದನು. ಮುಂದೆ ಅಮೆರಿಕದ ಅಧ್ಯಕ್ಷನಾದ ರೂಸ್‌ವೆಲ್ಟನು 1895ರಲ್ಲಿ ನ್ಯೂಯಾರ್ಕಿನ ಪೊಲೀಸ್ ಮಂಡಲಿಯ ಮುಖ್ಯಸ್ಥನಾದಾಗ ಇಬ್ಬರೂ ರಾತ್ರಿಯ ಹೊತ್ತು ನಗರ ಸಂಚಾರ ಮಾಡಿದರು. ತಾನು ತರುಣನಾಗಿದ್ದಾಗ ತಂಗಿದ್ದ ಆ ಠಾಣೆಯನ್ನು ತೋರಿಸಿ, ರೀಸನು ಕಳುವಾದ ಪದಕದ ಮತ್ತು ಸತ್ತ ನಾಯಿಯ ಕಥೆಯನ್ನು ಹೇಳಿದನು. 1896ರಲ್ಲಿ ಪೊಲೀಸ್ ತಂಗುಕೋಣೆಗಳನ್ನು ಮುಚ್ಚಲಾಯಿತು. ಇಪ್ಪತ್ತೈದು ವರ್ಷಗಳ ಹಿಂದಿನ ಅನ್ಯಾಯಕ್ಕೆ ರೀಸನು ತೀರಿಸಿಕೊಂಡ ಸೇಡು ಇದೇ.

ನಗರದ ಕುಡಿಯುವ ನೀರಿನ ವಿಷಯದಲ್ಲಿಯೂ ಆತನ ಕ್ಯಾಮರಾ ಉಪಕಾರ ಮಾಡಿತು. ನೀರಿನಲ್ಲಿ ದೋಷದ ಸುಳಿವಿದೆಯೆಂಬ ಸಣ್ಣ ವರದಿಯನ್ನು 1891ರಲ್ಲಿ ಗಮನಿಸಿದ ಆತನು, ಕ್ರೋಟನ್ ಜಲಾಶಯಕ್ಕೆ ನೀರೊದಗಿಸುವ ಹಳ್ಳಗಳ ಗುಂಟ ನಡೆದು, ಅವುಗಳಿಗೆ ಕೊಳಚೆ ಸೇರುತ್ತಿದ್ದುದನ್ನು ಚಿತ್ರಗಳಿಂದ ಸಾಬೀತುಪಡಿಸಿದನು. ಮಲ್ಬರಿ ಬೀದಿಯ ತಿರುವಿನಲ್ಲಿದ್ದ ಹೊಲಸು ವಠಾರಗಳು ಉರುಳಿ, 1897ರಲ್ಲಿ ಅಲ್ಲಿ ಉದ್ಯಾನವೊಂದು ತೆರೆಯಿತು. ಅದರ ಪ್ರಾರಂಭೋತ್ಸವಕ್ಕೆ, ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ರೀಸನಿಗೆ ಆಹ್ವಾನವೇ ಬರಲಿಲ್ಲ. ಆದರೂ ಆತನು ಹೋಗಿ ಜನರ ನಡುವೆ ನಿಂತು ಸಂತೋಷಪಟ್ಟನು.

ರೀಸನಲ್ಲಿ ದೋಷಗಳಿರಲಿಲ್ಲವೆಂದಲ್ಲ. ನಾನಾ ಜನಾಂಗಗಳನ್ನು ಕುರಿತು ಆತನು ಬರೆದ ಕೆಲವು ಮಾತುಗಳಲ್ಲಿ ಆ ಕಾಲದ ಪೂರ್ವಗ್ರಹಗಳು ಎದ್ದುಕಾಣುತ್ತವೆ. ನಿದ್ರಿಸುತ್ತಿದ್ದವರ ಒಪ್ಪಿಗೆ ಕೇಳದೆ ಚಿತ್ರ ತೆಗೆದುದು ಸರಿಯೇ ಎಂಬ ಪ್ರಶ್ನೆಯನ್ನು ಇಂದಿನವರು ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದುದೇ. ಬಡವರ ಕಷ್ಟವನ್ನು ತೋರಿಸುವವನು ಅವರ ಮಾನವನ್ನೂ ಕಾಯಬೇಕು. ಆದರೆ ಬಡತನವು ಬಡವರ ಹಣೆಬರಹವೆಂದೋ ಅವರ ಅಪರಾಧವೆಂದೋ ಎಣಿಸುತ್ತಿದ್ದ ಕಾಲದಲ್ಲಿ, ಗಾಳಿ ಬೆಳಕಿಲ್ಲದ ಮನೆಯೇ ಮನುಷ್ಯನನ್ನು ಕೆಡಿಸುತ್ತದೆಂದು ಆತನು ಸಾರಿದನೆಂಬುದನ್ನು ಮರೆಯಲಾಗದು.

1914ರ ಮೇ 26ರಂದು ಮೆಸಾಚುಸೆಟ್ಸ್ ಪ್ರಾಂತದ ಬ್ಯಾರೆ ಎಂಬಲ್ಲಿನ ತನ್ನ ಹೊಲದ ಮನೆಯಲ್ಲಿ ರೀಸನು ಕೊನೆಯುಸಿರೆಳೆದನು. ಆತನ ಸಮಾಧಿಯ ಮೇಲೆ ಹೆಸರಿಲ್ಲದ ಒಂದು ಬಂಡೆಗಲ್ಲಷ್ಟೇ ಇದೆ. ಆತನ ಗಾಜಿನ ನೆಗೆಟಿವ್‌ಗಳು ಹಲವು ದಶಕಗಳ ಕಾಲ ಮರೆತುಹೋಗಿದ್ದವು. ಅಲೆಗ್ಸಾಂಡರ್ ಆಲಂಡ್ ಎಂಬ ಛಾಯಾಗ್ರಾಹಕನ ಪ್ರಯತ್ನದಿಂದ ಅವು 1940ರ ದಶಕದಲ್ಲಿ ಬೆಳಕಿಗೆ ಬಂದು, ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿದವು.

ಇಂದು ಛಾಯಾಗ್ರಾಹಕನಿಗೆ ಪುಡಿಯೂ ಬೇಡ, ಬಾಣಲೆಯೂ ಬೇಡ. ಅಂಗೈಯಗಲದ ದೀಪವನ್ನು ಕೋಣೆಯ ಮೂಲೆಯಲ್ಲಿಟ್ಟು, ಕ್ಯಾಮರಾದ ಗುಂಡಿಯನ್ನೊತ್ತಿದರೆ ಸಾಕು. ತಂತಿಯ ಸಂಪರ್ಕವಿಲ್ಲದೆ, ರೇಡಿಯೋ ಅಲೆಗಳ ಸಂಕೇತದಿಂದಲೇ ಆ ದೀಪ ತಕ್ಕ ಕ್ಷಣಕ್ಕೆ ಮಿಂಚುತ್ತದೆ. ಅಂಥ ಸಾಧನಗಳು ಅಗ್ಗವೂ ಆಗಿವೆ, ನಿರಪಾಯಕರವೂ ಆಗಿವೆ. ಆದರೆ ಬೆಳಕನ್ನು ಎತ್ತ ಬೀರಬೇಕೆಂಬುದನ್ನು ಯಾವ ಸಾಧನವೂ ಹೇಳಿಕೊಡಲಾರದು. ಅದನ್ನು ಹೇಳಿಕೊಡುವುದು ಮರುಕವುಳ್ಳ ಮನಸ್ಸು. ಚಿಂದಿಮನೆಯ ಮಕ್ಕಳಿಗೆ ತನ್ನ ಹಬ್ಬದ ಹಣವನ್ನು ಕೊಟ್ಟ ಬಾಲಕನಲ್ಲಿ ಅದು ಇತ್ತು. ಕುರುಡರನ್ನು ಬಿಟ್ಟು ಓಡದ ಪತ್ರಕರ್ತನಲ್ಲಿಯೂ ಅದೇ ಇತ್ತು.