ನಕ್ಷತ್ರದ ಜಾಡು ಹಿಡಿದ ವೈನು ಬಪ್ಪು

ಕ್ರಿಸ್ತಜಯಂತಿಯ ದಿನಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳ ನಡುವೆ ರಾತ್ರಿ ಹೊತ್ತು ಸಂಚರಿಸುವವರಿಗೆ ಕ್ರೈಸ್ತರ ಮನೆಗಳನ್ನು ಗುರುತಿಸುವುದು ಕಷ್ಟವಲ್ಲ. ತೋಟದ ಲೈನ್ ಮನೆಯಿರಲಿ, ಬಂಗಲೆಯಿರಲಿ, ಜಗಲಿಯಲ್ಲೊಂದು ಗೋದಲಿ, ಸೂರಿನಂಚಿಗೆ ತೂಗುಬಿಟ್ಟ ಒಂದು ನಕ್ಷತ್ರದೀಪ ಇದ್ದೇ ಇರುತ್ತದೆ. ಅಂತಹ ಒಂದು ರಾತ್ರಿ ನಾವು ತೋಟದ ಮನೆಯೊಂದರಲ್ಲಿ ಪ್ರಾರ್ಥನೆ ಮುಗಿಸಿ ಅಂಗಳಕ್ಕೆ ಬರುತ್ತಿದ್ದಂತೆ ಕರೆಂಟು ಹೋಯಿತು. ಕಾಗದದ ನಕ್ಷತ್ರಗಳು ಆರಿದವು. ಆಕಾಶದ ನಕ್ಷತ್ರಗಳು ಹೊತ್ತಿಕೊಂಡವು.

ಆ ಮನೆಯ ಬಾಲಕನೊಬ್ಬನು ವಾಯುವ್ಯದ ಕಡೆಗೆ ಕೈತೋರಿಸಿ, ಅಲ್ಲಿ ಮಸುಕು ಹೊಗೆಯಂತೆ ಕಾಣುವುದು ಏನೆಂದು ನಮ್ಮನ್ನು ಕೇಳಿದನು. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದಿದ ನಮಗೆ ಅರಿಸ್ಟಾಟಲನ ಆಕಾಶ ಗೊತ್ತಿತ್ತೇ ಹೊರತು ತಲೆಯ ಮೇಲಿನ ಆಕಾಶ ಗೊತ್ತಿರಲಿಲ್ಲ. ಬಳಿಕ ಪುಸ್ತಕ ನೋಡಿ ತಿಳಿದುಕೊಂಡೆವು: ಅದು ಆಂಡ್ರೊಮಿಡಾ ಗ್ಯಾಲಕ್ಸಿ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಬೇಕು. ಆ ಬಾಲಕನಿಗೆ ಆಕಾಶವನ್ನೇ ಓದುವ ಆಸೆ. ಅದರಿಂದ ಅನ್ನ ಹುಟ್ಟೀತೇ ಎಂಬುದು ಅವನ ತಂದೆಯ ಚಿಂತೆ. ಆ ತಂದೆಗೆ ನಾವು ಹೇಳಬೇಕಾಗಿದ್ದ ಉತ್ತರವೇ ಈ ವಾರದ ಜೀವನಚರಿತ್ರೆ.

ಮಣಲಿ ಕಲ್ಲಾಟ್ ವೈನು ಬಪ್ಪು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆತಾಯಿಗೆ ಒಬ್ಬನೇ ಮಗ. ಮನೆತನ ಕೇರಳದ ಕಣ್ಣೂರು ಸೀಮೆಯದು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದರು. ಆಗ ಜಗತ್ತಿನ ಹಲವು ವೀಕ್ಷಣಾಲಯಗಳು ಆಕಾಶವನ್ನು ಪಾಲು ಹಂಚಿಕೊಂಡು, ಗಾಜಿನ ಫಲಕಗಳ ಮೇಲೆ ಅದರ ಛಾಯಾಚಿತ್ರ ತೆಗೆದು, ಒಂದು ಮಹಾ ನಕ್ಷೆಯನ್ನು ಸಿದ್ಧಪಡಿಸುತ್ತಿದ್ದವು. ನಿಜಾಮಿಯಾ ವೀಕ್ಷಣಾಲಯಕ್ಕೆ ಒಂದು ಪಾಲು ಬಂದಿದ್ದಂತೆ ವ್ಯಾಟಿಕನ್ ವೀಕ್ಷಣಾಲಯಕ್ಕೂ ಒಂದು ಪಾಲು ಬಂದಿತ್ತು. ರೋಮಿನಲ್ಲಿ ಆ ಫಲಕಗಳ ಮುಂದೆ ಕುಳಿತು, 1910ರಿಂದ 1921ರವರೆಗೆ, 4,81,215 ನಕ್ಷತ್ರಗಳ ಸ್ಥಾನವನ್ನು ಅಳೆದು ಬರೆದವರು ಬಾಲಮರಿಯಳ ಹೆಸರಿನ ಸಭೆಯ ನಾಲ್ವರು ಧರ್ಮಭಗಿನಿಯರು ಎಂಬುದನ್ನು ನಮ್ಮ ಕುಟುಂಬಗಳು ತಿಳಿದಿರಬೇಕು.

ಇಂತಹ ಮನೆಯಲ್ಲಿ ಬೆಳೆದ ಹುಡುಗನಿಗೆ ರಾತ್ರಿಯೆಂದರೆ ಮಲಗುವ ಹೊತ್ತಾಗಿರಲಿಲ್ಲ. ಕಾಲೇಜಿನಲ್ಲಿ ಓದುತ್ತಿರುವಾಗಲೇ ಬಪ್ಪು ಹವ್ಯಾಸಿ ಖಗೋಳ ವೀಕ್ಷಕರಾಗಿದ್ದರು. ಕೆಲವು ನಕ್ಷತ್ರಗಳ ಕಾಂತಿ ಹೆಚ್ಚುತ್ತ ಕುಗ್ಗುತ್ತ ಇರುತ್ತದೆ. ಅಂತಹವುಗಳನ್ನು ರಾತ್ರಿ ರಾತ್ರಿ ನೋಡಿ, ಏರಿಳಿತವನ್ನು ಗುರುತುಹಾಕಿಕೊಂಡು, ವಿದ್ಯಾರ್ಥಿ ದೆಸೆಯಲ್ಲಿಯೇ ಲೇಖನಗಳನ್ನು ಪ್ರಕಟಿಸಿದರು. ಪದವಿಗಿಂತ ಮೊದಲು ಅವರಿಗೆ ದೊರೆತದ್ದು ಈ ಅಭ್ಯಾಸ. ಯಾರೂ ಹೇಳದೆ, ಸಂಬಳವಿಲ್ಲದೆ, ಒಂದೇ ಚುಕ್ಕೆಯ ಬಳಿಗೆ ಮತ್ತೆ ಮತ್ತೆ ಮರಳುವುದು. ಜಪಸರ ಹಿಡಿದು ಬೆಳೆದ ನಮ್ಮ ಜನರಿಗೆ ಈ ಮರಳುವಿಕೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಕಳುಹಿಸಿತು. ಅಲ್ಲಿಗೆ ಹೋದ ಕೆಲವೇ ತಿಂಗಳಲ್ಲಿ, 1949ರ ಜುಲೈ 2ರಂದು, ದೂರದರ್ಶಕದಿಂದ ತೆಗೆದ ಛಾಯಾಫಲಕದಲ್ಲಿ ಅವರಿಗೆ ಅಪರಿಚಿತವಾದ ಗುರುತೊಂದು ಕಾಣಿಸಿತು. ಅದೊಂದು ಹೊಸ ಧೂಮಕೇತು. ಅವರ ಗುರು ಬಾರ್ಟ್ ಬೋಕ್ ಹಾಗೂ ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಸೇರಿ ಅದು ಬಪ್ಪು-ಬೋಕ್-ನ್ಯೂಕರ್ಕ್ ಧೂಮಕೇತುವೆನಿಸಿತು. ಈ ಶೋಧಕ್ಕಾಗಿ ಅವರಿಗೆ ಡೊನ್‌ಹೋ ಪದಕ ಸಂದಿತು.

ಇಲ್ಲಿ ಛಾಯಾಚಿತ್ರದ ಮರ್ಮವನ್ನು ಒಂದಿಷ್ಟು ವಿವರಿಸುವುದು ಉಚಿತ. ನಮ್ಮ ಕಣ್ಣು ಎಷ್ಟು ಹೊತ್ತು ನೆಟ್ಟು ನೋಡಿದರೂ ಬೆಳಕನ್ನು ಕೂಡಿಡಲಾರದು. ಛಾಯಾಫಲಕವಾದರೋ ಹನಿಹನಿಯಾಗಿ ಬೀಳುವ ಬೆಳಕನ್ನು ಗಂಟೆಗಟ್ಟಲೆ ಸಂಗ್ರಹಿಸುತ್ತದೆ. ಆದುದರಿಂದ ಕಣ್ಣಿಗೆ ಹೊಗೆಯಂತಿರುವ ನೀಹಾರಿಕೆ ಅದರಲ್ಲಿ ಸುರುಳಿಯಾಗಿ, ಎಳೆಯೆಳೆಯಾಗಿ ಮೂಡುತ್ತದೆ. ಭೂಮಿ ತಿರುಗುತ್ತಲೇ ಇರುವುದರಿಂದ ದೂರದರ್ಶಕವೂ ಆಕಾಶದೊಡನೆ ಅಷ್ಟೇ ನಿಧಾನವಾಗಿ ತಿರುಗಬೇಕು. ಕೊಂಚ ತಪ್ಪಿದರೂ ಚುಕ್ಕೆ ಗೀರಾಗುತ್ತದೆ. ಇಂದು ಗಾಜಿನ ಫಲಕದ ಸ್ಥಾನದಲ್ಲಿ ಡಿಜಿಟಲ್ ಕ್ಯಾಮೆರಾ ಬಂದಿದೆ. ಹವ್ಯಾಸಿಗಳು ನೂರಾರು ಚಿತ್ರಗಳನ್ನು ಗಣಕಯಂತ್ರದಲ್ಲಿ ಒಂದುಗೂಡಿಸುತ್ತಾರೆ. ಸಲಕರಣೆ ಬದಲಾಗಿದೆ, ಕಾಯುವ ಕೆಲಸ ಬದಲಾಗಿಲ್ಲ.

ಡಾಕ್ಟರೇಟ್ ಪಡೆದ ಮೇಲೆ ಬಪ್ಪು ಕ್ಯಾಲಿಫೋರ್ನಿಯಾದಲ್ಲಿ ಆಲಿನ್ ವಿಲ್ಸನ್ ಅವರೊಡನೆ ದುಡಿದರು. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕ್ಯಾಲ್ಸಿಯಂನ ಒಂದು ರೇಖೆಯ ಅಗಲಕ್ಕೂ ಆ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಸಂಬಂಧವುಂಟೆಂದು ಇಬ್ಬರೂ ತೋರಿಸಿಕೊಟ್ಟರು. ನಿಜವಾದ ಪ್ರಕಾಶ ತಿಳಿದರೆ ದೂರವನ್ನು ಲೆಕ್ಕಹಾಕಬಹುದು. 1957ರಲ್ಲಿ ಪ್ರಕಟವಾದ ಈ ಶೋಧ ಇಂದಿಗೂ ವಿಲ್ಸನ್-ಬಪ್ಪು ಪರಿಣಾಮವೆಂಬ ಹೆಸರಿನಲ್ಲಿ ಪಾಠವಾಗುತ್ತಿದೆ.

ಅಲ್ಲಿಯೇ ನೆಲೆಸಿದ್ದರೆ ಜಗತ್ತಿನ ಅತಿ ದೊಡ್ಡ ದೂರದರ್ಶಕಗಳು ಅವರ ಕೈಗೆ ಸಿಗುತ್ತಿದ್ದವು. ಅವರು ಹಿಂದಿರುಗಿದರು. 1954ರಲ್ಲಿ ಉತ್ತರ ಪ್ರದೇಶದ ಸರ್ಕಾರಿ ವೀಕ್ಷಣಾಲಯದ ಹೊಣೆ ಹೊತ್ತು, ಅದನ್ನು ವಾರಾಣಸಿಯ ಬಯಲಿನಿಂದ ನೈನಿತಾಲ್ ಬೆಟ್ಟಗಳಿಗೆ ಒಯ್ದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಸ್ಥಳ. ದೂರದ ನಕ್ಷತ್ರಗಳಿಗೆ ಬೇರೆ ನೆಲೆ ಬೇಕಿತ್ತು. ದಕ್ಷಿಣದ ಆಕಾಶವೂ ಕಾಣುವ, ಊರಿನ ದೀಪ ತಾಗದ ತಾಣವನ್ನು ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ, ಹೆಚ್ಚುಕಡಿಮೆ ನಮ್ಮ ಮಂಗಳೂರಿನ ಅಕ್ಷಾಂಶದಲ್ಲಿಯೇ ಇರುವ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಕೆಲಸ ಆರಂಭಿಸಿದ್ದು 38 ಸೆಂಟಿಮೀಟರಿನ ಸಣ್ಣ ದೂರದರ್ಶಕ. ಅದೂ ಕೊಡೈಕನಾಲಿನ ತಮ್ಮದೇ ಕಾರ್ಯಾಗಾರದಲ್ಲಿ ಮಾಡಿಕೊಂಡದ್ದು. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂದಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹಕ್ಕೆ ಉಂಗುರಗಳಿವೆಯೆಂಬ ಸಂಗತಿ ಬಯಲಾದಾಗ, ಅದರ ಗುರುತುಗಳನ್ನು ದಾಖಲಿಸಿದವರಲ್ಲಿ ಕಾವಲೂರಿನವರೂ ಇದ್ದರು.

1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತವಾಯಿತು. ಬಪ್ಪು ಅವರ ನೇತೃತ್ವದಲ್ಲಿ ಅದರ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂದಿತು. ಹೀಗೆ ಅವರು ಕನ್ನಡನಾಡಿನವರೂ ಆದರು. ಆಗ ಅವರು ಕೈಗೆತ್ತಿಕೊಂಡದ್ದು 2.34 ಮೀಟರ್ ವ್ಯಾಸದ ಕನ್ನಡಿಯುಳ್ಳ ದೂರದರ್ಶಕ. ಸಿದ್ಧವಾದುದನ್ನು ಹೊರದೇಶದಿಂದ ಕೊಳ್ಳುವ ಬದಲು, ಕನ್ನಡಿಯನ್ನು ಉಜ್ಜಿ ನಯಗೊಳಿಸುವುದರಿಂದ ಹಿಡಿದು ಯಂತ್ರಭಾಗಗಳವರೆಗೆ ಇಲ್ಲಿಯ ಕೈಗಳಿಂದಲೇ ಆಗಬೇಕೆಂದು ನಿಶ್ಚಯಿಸಿದರು. ಆ ನಿಶ್ಚಯದ ಬೆಲೆ ವರ್ಷಗಳ ಕಾಯುವಿಕೆ.

1979ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1982ರ ಆಗಸ್ಟ್‌ನಲ್ಲಿ ಗ್ರೀಸ್ ದೇಶದಲ್ಲಿ ಒಕ್ಕೂಟದ ಮಹಾಸಭೆ ಸೇರಿತು. ಆದರೆ ಹೃದ್ರೋಗ ಉಲ್ಬಣಿಸಿ, ಜರ್ಮನಿಯ ಮ್ಯೂನಿಕ್ ನಗರದಲ್ಲಿ, ಆಗಸ್ಟ್ 19ರಂದು ಅವರು ಕಣ್ಣುಮುಚ್ಚಿದರು. ವಯಸ್ಸು 55. ನಾವೂ ಆ ವಯಸ್ಸಿನ ಆಸುಪಾಸಿನಲ್ಲಿರುವುದರಿಂದ ಈ ಸಂಖ್ಯೆಯನ್ನು ಬರೆಯುವಾಗ ಲೇಖನಿ ಒಂದು ಕ್ಷಣ ನಿಂತಿತು. ದೂರದರ್ಶಕ ಇನ್ನೂ ಮುಗಿದಿರಲಿಲ್ಲ. ನೆಬೋ ಬೆಟ್ಟದ ಮೇಲಿಂದ ಮೋಶೆಯು ವಾಗ್ದತ್ತ ನಾಡನ್ನು ಕಣ್ಣಾರೆಯಾದರೂ ಕಂಡನು. ಬಪ್ಪು ಅವರಿಗೆ ಅಷ್ಟೂ ದೊರೆಯಲಿಲ್ಲ.

ಕೆಲಸ ಮಾತ್ರ ನಿಲ್ಲಲಿಲ್ಲ. ಅವರು ತಯಾರು ಮಾಡಿದ್ದ ಜನರೇ ಅದನ್ನು ಪೂರೈಸಿದರು. 1986ರ ಜನವರಿ 6ರಂದು ದೂರದರ್ಶಕ ರಾಷ್ಟ್ರಕ್ಕೆ ಸಮರ್ಪಿತವಾಯಿತು. ವೀಕ್ಷಣಾಲಯಕ್ಕೂ ದೂರದರ್ಶಕಕ್ಕೂ ಅವರ ಹೆಸರನ್ನೇ ಇಡಲಾಯಿತು. ಆ ತಾರೀಖನ್ನು ಓದಿದಾಗ ನಾವು ಮುಗುಳ್ನಕ್ಕೆವು. ಸಂಪ್ರದಾಯದಂತೆ ಅದು ಮೂವರು ರಾಯರ ಹಬ್ಬ, ಮೂಡಣದ ಜ್ಞಾನಿಗಳು ನಕ್ಷತ್ರದ ಜಾಡು ಹಿಡಿದು ಬೆತ್ಲೆಹೇಮಿಗೆ ಬಂದು ತಲುಪಿದ ದಿನ. ಅದನ್ನು ಆರಿಸಿದವರು ಇದನ್ನು ನೆನೆದು ಆರಿಸಿರಲಾರರು. ಆದರೂ ಆ ದಿನ ಆ ಕೆಲಸಕ್ಕೆ ಒಪ್ಪುತ್ತದೆ.

ಈಗ ಆ ತಂದೆಗೆ ನಮ್ಮ ಉತ್ತರ. ಆಕಾಶವನ್ನು ಓದಿದವರಿಗೆ ಅನ್ನವೂ ಉಂಟು. ಬೆಂಗಳೂರಿಗೆ ಸಮೀಪದ ಹೊಸಕೋಟೆಯಲ್ಲಿ ಕುಳಿತು ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಡೆಸುವವರು ಇದೇ ಸಂಸ್ಥೆಯವರು. ಆದರೆ ಅನ್ನದ ಲೆಕ್ಕಕ್ಕಿಂತ ಮುಂಚೆ ಮಗನೊಡನೆ ಒಂದು ರಾತ್ರಿ ಅಂಗಳದಲ್ಲಿ ನಿಲ್ಲಿರಿ. ಮಳೆಗಾಲದಲ್ಲಿ ನಮ್ಮ ಬೆಟ್ಟಗಳಿಗೆ ನಕ್ಷತ್ರವಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅವು ಹಿಂದಿರುಗುತ್ತವೆ. ಸಾಧಾರಣ ದುರ್ಬೀನೊಂದಿದ್ದರೆ ಕೃತ್ತಿಕೆಯ ಗೊಂಚಲು, ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆ, ಆ ಬಾಲಕನು ತೋರಿಸಿದ ಮಸುಕು, ಮೂರೂ ಸಿಗುತ್ತವೆ. ಕತ್ತಲೆಯೊಂದು ಬೇಕು. ರೆಸಾರ್ಟು, ಹೋಂಸ್ಟೇಗಳ ದೀಪಗಳಿಂದ ನಮ್ಮ ಬೆಟ್ಟಗಳಲ್ಲಿಯೂ ಅದು ಕಡಮೆಯಾಗುತ್ತಿದೆ.

ಈ ಬಾರಿ ಮೂವರು ರಾಯರ ಹಬ್ಬದ ರಾತ್ರಿ, ಊಟವಾದ ಮೇಲೆ, ಅರ್ಧ ಗಂಟೆ ಅಂಗಳದ ದೀಪವನ್ನೂ ಸೂರಿನ ನಕ್ಷತ್ರದೀಪವನ್ನೂ ಆರಿಸಿರಿ. ಮಕ್ಕಳನ್ನು ಹೊರಗೆ ಕರೆಯಿರಿ. ಗೋದಲಿಯ ಬಾಲಯೇಸು ಆ ಅರ್ಧ ಗಂಟೆಗೆ ಬೇಸರಪಡಲಾರನು.